ರಾಶಿ ಆಗದ ವರ್ಷದ ಆಯ

ಹಾಳೆಯ ಮೇಲೆ ಎಣ್ಣೆ ಹರಡಿತ್ತು. ಶೇಂಗಾ ಚಟ್ನಿಯ ಎಣ್ಣೆ. ಕಳೆದ ಮಂಗಳವಾರ ನೀಲವ್ವ ನನ್ನ ಮೇಜಿನ ಮೇಲೆ ಇಟ್ಟುಹೋದ ಬಿಳಿ ಅರಿವೆಯ ಗಂಟಿನಲ್ಲಿ ಹತ್ತು ಖಡಕ್ ರೊಟ್ಟಿ, ಒಂದು ಪೊಟ್ಟಣ ಚಟ್ನಿ, ಅವುಗಳ ಕೆಳಗೆ ನುಣುಪು ಕಾಗದದ ಒಂದು ಬಣ್ಣದ ಪುಸ್ತಿಕೆ, ಮಡಚಿದ ಒಂದು ಹಳೇ ಕಾಗದ ಇದ್ದವು. ಗಂಟು ಬಿಚ್ಚಿದಾಗ ಸುಟ್ಟ ಜೋಳದ ವಾಸನೆಯೂ ಹೊಸ ಮುದ್ರಣದ ಶಾಯಿಯ ವಾಸನೆಯೂ ಒಟ್ಟಿಗೆ ಎದ್ದವು. ಇವೆರಡೂ ಒಂದೇ ಮೂಗಿಗೆ ಬರಬೇಕಾದ ವಾಸನೆಗಳಲ್ಲ ಅಂತ ಆಗ ನಗು ಬಂತು. ಆ ನಗುವನ್ನು ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ನೀಲವ್ವ ಯಾರೆಂದು ಹೇಳಬೇಕು. ಸಿಂದಗಿಯಲ್ಲಿ ನಾನಿರುವ ಓಣಿಯಿಂದ ಎರಡು ಓಣಿ ಆಚೆ ಅವಳ ರೊಟ್ಟಿ ಕೇಂದ್ರ ಇತ್ತು. ಇತ್ತು ಅನ್ನಬೇಕು, ಏಕೆಂದರೆ ಹೋದ ತಿಂಗಳು ಅದನ್ನು ತನ್ನ ಜೊತೆ ರೊಟ್ಟಿ ಬಡಿಯುತ್ತಿದ್ದ ಇಬ್ಬರು ಹೆಣ್ಣುಮಕ್ಕಳಿಗೆ ಬಿಟ್ಟುಕೊಟ್ಟಳು. ಅರವತ್ತು ದಾಟಿದೆ, ಮೊಣಕಾಲು ಸೋತಿವೆ. ಅವರು ಕೊಟ್ಟದ್ದು, ತಾನು ಉಳಿಸಿದ್ದು, ಎಲ್ಲ ಸೇರಿ ಅವಳ ಕೈಯಲ್ಲಿ ಒಂದು ಮೊತ್ತ ಇದೆ. ಇನ್ನು ಗಳಿಸುವ ಕೈ ಇಲ್ಲ. ಈ ಮೊತ್ತವೇ ವರ್ಷ ವರ್ಷ ಏನಾದರೂ ಕೊಟ್ಟು ಅವಳನ್ನು ಸಾಕಬೇಕು.

ಯಾರೋ ಏಜೆಂಟ್ ಆ ಪುಸ್ತಿಕೆ ಕೊಟ್ಟಿದ್ದನಂತೆ. ಒಂದು ಕಂಪನಿಯ ಪ್ರಿಫರೆನ್ಸ್ ಷೇರು. ಬ್ಯಾಂಕಿನ ಠೇವಣಿಗಿಂತ ಹೆಚ್ಚು ಬರುತ್ತದೆ, ಪ್ರತಿ ವರ್ಷ ಇಷ್ಟೇ ಅಂತ ಮೊದಲೇ ಗೊತ್ತಿರುತ್ತದೆ ಅಂತ ಹೇಳಿದ್ದಾನೆ. ಶನಿವಾರ ಬಂದು ಸಹಿ ಮಾಡಿಸಿಕೊಳ್ಳುತ್ತಾನೆ.

"ನೀವು ಓದಿ ಹೇಳ್ರಿ ಅಕ್ಕಾರ," ಅಂದಳು ನೀಲವ್ವ. ನಮ್ಮ ಕಡೆ ಸಾಲಿ ಕಲಿಸಿದ ಹೆಂಗಸರೆಲ್ಲ ಅಕ್ಕಾರೇ. ನಾನು ಕಲಿಸಿದ್ದು ಕಾಲೇಜಿನಲ್ಲಾದರೂ ಆ ಹೆಸರು ತಪ್ಪಲಿಲ್ಲ. "ಅಪ್ಪನ ಟ್ರಂಕಿನ್ಯಾಗ ಇಂಥದ ಒಂದು ಹಳೇ ಕಾಗದ ಇತ್ತು. ಅದನ್ನೂ ಇಟ್ಟೇನಿ. ಎರಡೂ ಜೋಡಿಸಿ ನೋಡ್ರಿ."

ಹಳೇ ಕಾಗದ ಅಂದಾಗ ನನಗೆ ಖುಷಿಯಾಯಿತು. ಅದರ ಕತೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಕತೆಯನ್ನು ನಾನು ಮೂವತ್ತು ವರ್ಷ ಹೇಳಿದ್ದೇನೆ.

ನೀಲವ್ವನ ಅಪ್ಪ ಮೌನಪ್ಪ ಬಡಿಗೇರ. ನಮ್ಮೂರು ಯಂಕಂಚಿಯಲ್ಲಿ ನಮ್ಮ ಹೊಲದ ಕೂರಿಗೆ, ಕುಂಟೆ, ಗಳೆ, ಎಲ್ಲ ಅವನ ಕೈಯವು. ವರ್ಷವಿಡೀ ಏನು ಮುರಿದರೂ ಬಂದು ಕೂಡಿಸಿ ಹೋಗುತ್ತಿದ್ದ. ರೊಕ್ಕ ಕೇಳುತ್ತಿರಲಿಲ್ಲ, ನಾವು ಕೊಡುತ್ತಲೂ ಇರಲಿಲ್ಲ. ಬಿಳಿಜೋಳದ ರಾಶಿಯಾದ ದಿನ ಕಣದಲ್ಲೇ ಅವನ ಆಯ ಅಳೆದು ಕೊಡುವುದು ಪದ್ಧತಿ. ರಾಶಿಯ ಮುಂದೆ ಅಪ್ಪ ಕುಳಿತು ಮೊದಲ ಬುಟ್ಟಿಗೆ ಒಂದು ಅನ್ನದೆ 'ಲಾಭ' ಅನ್ನುತ್ತಿದ್ದರು, ಆಮೇಲೆ ಎರಡು, ಮೂರು. ಬಡಿಗೇರ, ಕಂಬಾರ, ಹಡಪದ, ಇವರೆಲ್ಲರ ಬುಟ್ಟಿ ಹೋದ ಮೇಲೆ ಉಳಿದದ್ದು ನಮ್ಮ ಮನೆಯ ನೆಲದೊಳಗಿನ ಹಗೇವಿಗೆ. ಬೆಳೆ ಎಷ್ಟು ಸೊಕ್ಕಿ ಬಂದರೂ ಅವರ ಬುಟ್ಟಿ ಹೆಚ್ಚುತ್ತಿರಲಿಲ್ಲ. ಹೊಲದಲ್ಲಿ ಏನು ಬಿತ್ತಬೇಕು ಅಂತ ಅವರನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಅವರ ಪಾಲು ಹೋಗದೆ ಒಡೆಯನ ಪಾಲು ಮನೆ ಸೇರುತ್ತಿರಲಿಲ್ಲ.

ಇದನ್ನೇ ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಪ್ರಿಫರೆನ್ಸ್ ಷೇರು ಅಂದರೆ ಏನು ಮಕ್ಕಳೇ, ಆಯಗಾರನ ಪಾಲು. ಕಂಪನಿಗೆ ಲಾಭ ಬಂದರೆ ಸಾಮಾನ್ಯ ಷೇರಿನವರಿಗಿಂತ ಮೊದಲು ಇವರಿಗೆ, ಗೊತ್ತುಪಡಿಸಿದಷ್ಟೇ. ಲಾಭ ಉಕ್ಕಿದರೂ ಹೆಚ್ಚಿಲ್ಲ. ಸಾಮಾನ್ಯವಾಗಿ ಕಂಪನಿಯ ಕಾರುಬಾರಿನಲ್ಲಿ ಮತವಿಲ್ಲ. ಕಂಪನಿ ಮುಚ್ಚಿದರೆ ಸಾಲಗಾರರದೆಲ್ಲ ತೀರಿದ ಮೇಲೆ, ಒಡೆಯರಿಗಿಂತ ಮುಂಚೆ, ಇವರ ಅಸಲು. ಇದು ಠೇವಣಿಯ ಹಾಗೆ ಕಾಣುತ್ತದೆ, ಠೇವಣಿಯಲ್ಲ. ಪಾಲಿನ ಹೆಸರಿದೆ, ಪೂರಾ ಪಾಲೂ ಅಲ್ಲ.

ಮಕ್ಕಳಿಗೆ ಇದು ಬೇಗ ಹಿಡಿಸುತ್ತಿತ್ತು, ಅವರೂ ಕಣ ನೋಡಿದವರೇ. ಆಮೇಲೆ ಕತೆ. ನಮ್ಮೂರಿನ ಒಬ್ಬ ಬಡಿಗೇರ ಇದ್ದ, ಅಕ್ಷರ ಬರದವನು. ಅವನ ಮುಂದೆ ನಾನು ಷೇರಿನ ಕಾಗದ ಓದಿದಾಗ ಥಟ್ಟನೆ, 'ಇದು ನಮ್ಮ ಆಯ ಇದ್ದಂಗ ಆತಲ್ಲ ತಂಗೆವ್ವಾ' ಅಂದ. ನೋಡಿ, ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಕುಳಿತು ನಾನು ಕಲಿತದ್ದನ್ನು ಅವನು ಒಂದು ಮಾತಿನಲ್ಲಿ ಹೇಳಿಬಿಟ್ಟ. ಮಕ್ಕಳು ನಗುತ್ತಿದ್ದರು, ನಾನೂ.

ಸರಕಾರಿ ಕಾಲೇಜಿನ ನೌಕರಿ, ವರ್ಗಾವಣೆ ತಪ್ಪಿದ್ದಲ್ಲ. ಇಂಡಿಯಲ್ಲಿ ಹೇಳಿದ ಕತೆಯೇ ಮುದ್ದೇಬಿಹಾಳಕ್ಕೆ ನನ್ನ ಜೊತೆ ಬಂತು. ಅಲ್ಲಿ ಬಡಿಗೇರನಿಗೆ ಕಿವಿಯ ಮೇಲೆ ಒಂದು ಪೆನ್ಸಿಲ್ ಬಂತು. ಮೌನಪ್ಪ ಕಾಕಾ ಪೆನ್ಸಿಲ್ ಇಡುತ್ತಿದ್ದನೋ ಇಲ್ಲವೋ ನನಗೆ ಇವತ್ತಿಗೂ ಖಾತ್ರಿಯಿಲ್ಲ. ಬಸವನ ಬಾಗೇವಾಡಿಯಲ್ಲಿ, ಊರಿನಿಂದ ಬಂದ ಸುದ್ದಿ ಸೇರಿ, ಕತೆಗೆ ಬಾಲ ಬೆಳೆಯಿತು. ಕಂಪನಿ ನಾಲ್ಕು ವರ್ಷ ಲಾಭಾಂಶ ಕೊಡಲಿಲ್ಲ, ಅವನಿಗೆ ಆ ನಾಲ್ಕು ವರ್ಷದ್ದು ಹೋಗೇ ಹೋಯಿತು; ನಾನು ಆವತ್ತೇ 'ಕಾಕಾ, ಹಿಂದಿನ ಪುಟದ ಷರತ್ತು ನೋಡಿಕೊಳ್ಳಬೇಕು' ಅಂದಿದ್ದೆ, ಕೇಳಲಿಲ್ಲ. ಸಿಂದಗಿಗೆ ಬರುವ ಹೊತ್ತಿಗೆ ಅದು ನೀತಿಕತೆಯಾಗಿತ್ತು. ಪರೀಕ್ಷೆಯಲ್ಲಿ ಹುಡುಗಿಯರು 'ಆಯಗಾರನಂತೆ' ಅಂತ ಬರೆದರೆ ನಾನು ಪೂರಾ ಅಂಕ ಕೊಡುತ್ತಿದ್ದೆ.

ನಾನು ದಿನಚರಿ ಬರೆಯುವವಳು. ಎಂ.ಎ. ಓದುವಾಗ ಧಾರವಾಡದಲ್ಲಿ ಹಿಡಿದ ಚಟ. ನೆನಪನ್ನು ನಂಬುವುದಿಲ್ಲ ಅಂತ ಜಂಬದಿಂದ ಹೇಳಿಕೊಳ್ಳುತ್ತೇನೆ. ಬರೆದಿಟ್ಟಿದ್ದೇನಲ್ಲ, ಬೇಕಾದಾಗ ನೋಡಿದರಾಯಿತು ಅಂತ. ನೋಡಿದ್ದು ಎಷ್ಟು ಸಲ ಅಂತ ಮಾತ್ರ ಕೇಳಬೇಡಿ. ದಿನಚರಿ ಬರೆದಿಡುವವರು ಅದನ್ನು ತಿರುಗಿ ಓದುವುದಿಲ್ಲ. ಉಪ್ಪಿನಕಾಯಿ ಹಾಕಿ ಭರಣಿ ತೆರೆಯದ ಹಾಗೆ, ಇದೆ ಅನ್ನುವ ಧೈರ್ಯವೇ ಸಾಕಾಗುತ್ತದೆ.

ಬುಧವಾರ ಮಧ್ಯಾಹ್ನ ನೀಲವ್ವನ ರೊಟ್ಟಿಯನ್ನೇ ಮೊಸರಿನ ಜೊತೆ ತಿಂದು, ಅವಳ ಅಪ್ಪ ಆವತ್ತು ಆಡಿದ ಆ ಚಂದದ ಮಾತನ್ನು ಅವಳಿಗೆ ಅಕ್ಷರಶಃ ಓದಿ ತೋರಿಸೋಣ ಅಂತ ಹಳೆಯ ದಿನಚರಿ ಹುಡುಕಿದೆ. ಅಟ್ಟದ ಮೇಲಿನ ಪೆಟ್ಟಿಗೆಯಿಂದ ಧೂಳು ಕೊಡವಿ ತೆಗೆದೆ. ನೌಕರಿ ಸೇರಿದ ಮೊದಲ ವರ್ಷದ್ದು, ನೀಲಿ ರಟ್ಟಿನದು. ಪುಟ ಬೇಗ ಸಿಕ್ಕಿತು. ಇದ್ದದ್ದು ಇಷ್ಟು:

'ರಜೆ ಮುಗಿಯಿತು. ಮೌನಪ್ಪ ಕಾಕಾ ಷೇರಿನ ಅರ್ಜಿ ತಂದಿದ್ದ. ನೀಲವ್ವನ ಹೆಸರಿಗೆ ಏನಾದರೂ ವರ್ಷ ವರ್ಷ ಬರುವಂಥದ್ದು ಮಾಡಬೇಕಂತೆ. ಇದು ನಿನ್ನ ಆಯ ಇದ್ದ ಹಾಗೆ ಕಾಕಾ, ಮೊದಲು ನಿನಗೆ ಆಮೇಲೆ ಒಡೆಯರಿಗೆ ಅಂತ ತಿಳಿಸಿ ಹೇಳಿದೆ. ತಕ್ಷಣ ತಿಳಿಯಿತು. ರಾಶಿ ಆಗದ ವರ್ಷದ ಆಯ ಮುಂದಿನ ವರ್ಷ ಕೂಡಿಸಿ ಕೊಡ್ತಾರೇನು ಅಂತ ಕೇಳಿದ. ಕೊಡ್ತಾರ ಅಂದೆ. ಹಿಂದಿನ ಪುಟ ಓದುವುದರೊಳಗೆ ನಾಲ್ಕರ ಬಸ್ಸು ಬಂತು. ಅವ್ವ ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು.'

ಮೂರು ಸಲ ಓದಿದೆ. ಅಕ್ಷರ ನನ್ನವೇ. 'ಕೊಡ್ತಾರ ಅಂದೆ' ಅನ್ನುವ ಕಡೆ ಶಾಯಿ ಸಹ ಅಲುಗಿಲ್ಲ.

ಆಯ ಇದ್ದ ಹಾಗೆ ಅನ್ನುವ ಆ ಮಾತು ಅವನದಲ್ಲ, ನನ್ನದು. ಅವನು ಆಡಿದ್ದು ಬೇರೆಯೇ. ಇಡೀ ವ್ಯವಹಾರದಲ್ಲಿ ಕೇಳಬೇಕಾದ ಒಂದೇ ಒಂದು ಪ್ರಶ್ನೆಯನ್ನು ಅಕ್ಷರ ಬರದ ಆ ಮನುಷ್ಯ ಕೇಳಿದ್ದ. ಕಾಗದ ಕೈಯಲ್ಲಿ ಹಿಡಿದಿದ್ದ ನಾನು ಕಾಗದ ನೋಡಿ ಉತ್ತರಿಸಿರಲಿಲ್ಲ, ನಮ್ಮ ಕಣ ನೆನೆದು ಉತ್ತರಿಸಿದ್ದೆ. ಏಕೆಂದರೆ ನಮ್ಮ ಕಣದಲ್ಲಿ ಕೊಡುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಆಯದ ಬುಟ್ಟಿ ತುಂಬದಿದ್ದರೆ ಅಪ್ಪ ಕಣದ ಬದಿಯ ಬೇವಿನ ಮರದ ಬುಡದಲ್ಲಿ ಒಂದು ಕಲ್ಲು ಇಡುತ್ತಿದ್ದರು. ಮುಂದಿನ ರಾಶಿಯ ದಿನ ಆ ಬುಟ್ಟಿಯನ್ನೂ ಅಳೆದು, ಮೌನಪ್ಪ ಕಾಕಾನ ಕೈಯಿಂದಲೇ ಕಲ್ಲು ಎತ್ತಿಸಿ ಬಿಸಾಡಿಸುತ್ತಿದ್ದರು. ಕಲ್ಲು ಇರುವ ತನಕ ಮಾತು ಇದೆ ಅಂತ ಅರ್ಥ. ಕಂಪನಿಗೂ ಒಂದು ಬೇವಿನ ಮರ ಇರುತ್ತದೆ ಅಂತ ನಾನು ತಿಳಿದಿದ್ದೆನೇನೋ.

ಆದರೆ ನನಗೆ ನನ್ನ ದಿನಚರಿಯ ಮೇಲೂ ಸಂಶಯ ಹುಟ್ಟಿತು. ಅಥವಾ ಸಂಶಯ ಹುಟ್ಟಲಿ ಅಂತ ಆಸೆಪಟ್ಟೆ. ಅವಸರದಲ್ಲಿ ಬರೆದದ್ದಲ್ಲವೇ, ಬಸ್ಸಿನಲ್ಲಿ ಕುಳಿತು ಬರೆದಿರಬಹುದು, ಆಮೇಲೆ ಎಂದಾದರೂ ಹಿಂದಿನ ಪುಟ ಓದಿ ಹೇಳಿರಬಹುದು. ಆ ಷೇರು ಬಾಕಿ ಕೂಡಿಸಿ ಕೊಡುವ ಜಾತಿಯದೇ ಆಗಿರಬಹುದು. ಅಂಥವೂ ಇರುತ್ತವೆ: ಕೊಡದ ವರ್ಷದ ಲಾಭಾಂಶ ಬಾಕಿಯಾಗಿ ನಿಂತು, ಲಾಭ ಬಂದಾಗ ಒಡೆಯರಿಗಿಂತ ಮೊದಲು ತೀರುವಂಥವು. ಹಾಗಿದ್ದರೆ ತಪ್ಪು ಕಂಪನಿಯದಾಗುತ್ತದೆ, ನನ್ನದಲ್ಲ. ಆ ಹಳೇ ಕಾಗದ ಅಲ್ಲೇ ಮೇಜಿನ ಮೇಲಿತ್ತು. ಅದನ್ನು ಮುಟ್ಟಲು ನನಗೆ ಸಂಜೆಯಾಗಬೇಕಾಯಿತು.

ಮಡಿಕೆಯಲ್ಲಿ ಹರಿಯುವ ಹಾಗಿದ್ದ ಕಾಗದವನ್ನು ಬಿಡಿಸಿ ತಿರುವಿದೆ. ಹಿಂದಿನ ಪುಟದಲ್ಲಿ ಐದನೆಯ ಷರತ್ತು. ಯಾವುದೇ ವರ್ಷ ಲಾಭಾಂಶ ಘೋಷಿಸದಿದ್ದರೆ ಆ ವರ್ಷದ ಹಕ್ಕು ಅಲ್ಲಿಗೇ ಮುಗಿಯುತ್ತದೆ, ಮುಂದಿನ ವರ್ಷಕ್ಕೆ ಸೇರುವುದಿಲ್ಲ. ಎರಡು ಸಾಲು, ಸಣ್ಣ ಅಕ್ಷರವೂ ಅಲ್ಲ. ಓದಲು ಅರ್ಧ ನಿಮಿಷವೂ ಬೇಡ.

ಹಾಗಾದರೆ ಮೌನಪ್ಪ ಕಾಕಾನಿಗೆ ಯಾರೂ ಮೋಸ ಮಾಡಿರಲಿಲ್ಲ. ಕಂಪನಿ ತಾನು ಬರೆದುಕೊಟ್ಟ ಹಾಗೆ ನಡೆಯಿತು. ಕೆಲವು ವರ್ಷ ಕೊಟ್ಟಿತು, ನಾಲ್ಕು ವರ್ಷ ಕೊಡಲಿಲ್ಲ, ಐದನೆಯ ವರ್ಷದಿಂದ ಮತ್ತೆ ಕೊಟ್ಟಿತು, ಮುದ್ದತು ಮುಗಿದಾಗ ಅಸಲು ಮರಳಿಸಿತು. ಎಲ್ಲ ಕಾಗದದಂತೆ. ಕಾಗದದಲ್ಲಿ ಇಲ್ಲದ ಒಂದು ಮಾತು ಕೊಟ್ಟವಳು ನಾನೊಬ್ಬಳೇ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಭರಣಿ ತೆರೆದಾಗಿತ್ತು. ಆ ನಾಲ್ಕು ವರ್ಷಗಳ ದಿನಚರಿಗಳನ್ನೂ ಕೆಳಗಿಳಿಸಿ, ಗುರುವಾರವಿಡೀ ಅವನ ಹೆಸರಿಗಾಗಿ ಹುಡುಕಿದೆ.

ಮೊದಲ ವರ್ಷ, ಇಂಡಿಯಲ್ಲಿ, ಶಿವರಾತ್ರಿಯ ಹಿಂದುಮುಂದು: 'ಮೌನಪ್ಪ ಕಾಕಾ ಬಂದಿದ್ದ. ಏನೂ ಕೆಲಸವಿರಲಿಲ್ಲ. ಬಾಗಿಲಲ್ಲಿ ನಿಂತು ಮಳೆಬೆಳೆ ಮಾತಾಡಿ, ಚಹಾ ಕುಡಿದು ಹೋದ.'

ಎರಡನೆಯ ವರ್ಷ, ಅದೇ ಹೊತ್ತು: 'ಕಾಕಾ ಮತ್ತೆ ಬಂದಿದ್ದ. ಕೂಡು ಅಂದರೂ ಕೂಡಲಿಲ್ಲ. ವಯಸ್ಸಾಯಿತು, ಮನುಷ್ಯರ ಆಸೆ ಆಗಿರಬೇಕು.'

ಮೂರನೆಯ ವರ್ಷ ನಾನು ಮುದ್ದೇಬಿಹಾಳಕ್ಕೆ ಹೋಗಿದ್ದೆ. 'ಇಷ್ಟು ದೂರ ಎರಡು ಬಸ್ಸು ಬದಲಿಸಿ ಕಾಕಾ ಬಂದ. ನಮ್ಮ ಬಾಗಿಲಿನ ಅಗಳಿ ಸಡಿಲಾಗಿತ್ತು, ಸರಿಮಾಡಿಕೊಟ್ಟ. ಹೋಗುವಾಗ ಬೇಡವೆಂದರೂ ಇಪ್ಪತ್ತು ರೂಪಾಯಿ ಕಿಸೆಗೆ ತುರುಕಿದೆ. ಪಾಪ.'

ಪಾಪ ಅಂತ ಬರೆದಿದ್ದೇನೆ.

ನಿಮಗೆ ನಮ್ಮ ಕಣದ ಇನ್ನೊಂದು ರೀತಿ ಹೇಳಬೇಕು. ಆಯಗಾರ ಎಂದೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿದರೆ ಕೊಡುವವನಿಗೆ ಅವಮಾನ, ಮರೆತಿದ್ದೀ ಅಂದ ಹಾಗೆ. ರಾಶಿಯ ಹೊತ್ತಿಗೆ ಬಂದು ಕಣದ ಅಂಚಿನಲ್ಲಿ ನಿಲ್ಲುತ್ತಾನೆ. ಕೂಡುವುದಿಲ್ಲ. ಮಳೆಬೆಳೆ ಮಾತಾಡುತ್ತಾನೆ, ಎತ್ತಿನ ಕಾಲಿನ ನೋವು ವಿಚಾರಿಸುತ್ತಾನೆ. ಆ ನಿಲ್ಲುವುದೇ ಕೇಳುವುದು. ಒಡೆಯ ಅವನ ಕಡೆ ನೋಡದೆಯೇ ಬುಟ್ಟಿಗೆ ಕೈಹಾಕುತ್ತಾನೆ. ನಾನು ಆ ಕಣದ ಮನೆಯಲ್ಲಿ ಹುಟ್ಟಿದವಳು. ಹತ್ತು ವರ್ಷದವಳಿದ್ದಾಗ, ಅವನು ನಿಂತದ್ದನ್ನು ಕಂಡು, 'ಅಪ್ಪಾ, ಕಾಕಾ ಬಂದಾನ' ಅಂತ ಓಡಿಹೋಗಿ ಹೇಳುತ್ತಿದ್ದವಳೇ ನಾನು.

ಅವನು ಮೂರು ವರ್ಷ ರಾಶಿಯ ಕಾಲಕ್ಕೆ ನನ್ನ ಬಾಗಿಲಿಗೆ ಬಂದು ನಿಂತಿದ್ದ. ನಾನು ಚಹಾ ಕುಡಿಸಿದೆ.

ನಾಲ್ಕನೆಯ ವರ್ಷದ ದಿನಚರಿಯಲ್ಲಿ ಅವನ ಹೆಸರಿಲ್ಲ. ಬರಲಿಲ್ಲವೋ, ಬಂದದ್ದನ್ನು ನಾನೇ ಬರೆಯಲಿಲ್ಲವೋ. ಬರಲಿಲ್ಲ ಅನ್ನುವುದು ನನಗೆ ಅನುಕೂಲ, ಅದಕ್ಕೇ ನಂಬುವುದು ಕಷ್ಟವಾಯಿತು.

ಆ ವರ್ಷಗಳಲ್ಲಿ ನೀಲವ್ವ ಏನು ಮಾಡುತ್ತಿದ್ದಳೆಂದು ನನಗೆ ಗೊತ್ತಿತ್ತು. ಗಂಡ ಬಿಟ್ಟು ತವರಿಗೆ ಬಂದಿದ್ದವಳು, ಯಂಕಂಚಿಯಿಂದ ಸಿಂದಗಿಗೆ ಹೋಗಿ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ನಿಂತಳು. ಒಲೆಯ ಮುಂದೆ ದಿನಕ್ಕೆ ಹನ್ನೆರಡು ತಾಸು. ಊರಿಗೆ ಹೋಗಿಬರುವಾಗ ಬಸ್ಸು ತಪ್ಪಿದರೆ ನಾನು ಅಲ್ಲೇ ಉಣ್ಣುತ್ತಿದ್ದೆ. ಹೆಣ್ಣುಮಕ್ಕಳು ಹೀಗೆ ಸ್ವಂತ ಕಾಲ ಮೇಲೆ ನಿಲ್ಲಬೇಕು ಅಂತ ಮೆಚ್ಚಿ ಹೇಳಿದ್ದೂ ನೆನಪಿದೆ. ಈ ನೆನಪು ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು. ಅದೂ ದಿನಚರಿಯಲ್ಲಿದೆ.

ಶುಕ್ರವಾರ ಅವಳು ನನ್ನಲ್ಲಿಗೆ ಬರಬೇಕಿತ್ತು. ಆ ಮೊಣಕಾಲುಗಳನ್ನು ನೆನೆದು ನಾನೇ ಹೊರಟೆ ಅಂತ ಬರೆಯಬಹುದು. ಆದರೆ ಕಾರಣ ಅದಲ್ಲ. ಅವಳು ಬಂದು ನನ್ನ ಬಾಗಿಲಲ್ಲಿ ನಿಂತರೆ ನೋಡುವ ಧೈರ್ಯ ನನಗಿರಲಿಲ್ಲ. ಪುಸ್ತಿಕೆ, ಹಳೇ ಕಾಗದ, ನೀಲಿ ರಟ್ಟಿನ ದಿನಚರಿ ಮೂರನ್ನೂ ಅದೇ ಬಿಳಿ ಅರಿವೆಯಲ್ಲಿ ಕಟ್ಟಿಕೊಂಡು ಹೋದೆ. ಅವಳ ಮನೆ ಎರಡು ಖೋಲಿಯದು. ಹೊಸ್ತಿಲ ಆಚೆ ಅವಳು ಕಾಲು ಚಾಚಿ ಕುಳಿತು ಮೆಂತೆಪಲ್ಯ ಸೋಸುತ್ತಿದ್ದಳು. ನಾನು ಹೊಸ್ತಿಲ ಈಚೆಯೇ ನಿಂತೆ.

"ಬರ್ರಿ ಅಕ್ಕಾರ. ಯಾಕ ಅಲ್ಲೇ ನಿಂತ್ರಿ?" ಅಂದಳು. ನಾನು ಏನೋ ಚಳಿಯ ಮಾತಾಡಿದೆ, ಮೆಂತೆಯ ದರ ಕೇಳಿದೆ. ಅವಳ ಕೈ ನಿಂತಿತು. ನನ್ನ ಮುಖವನ್ನೂ ಕೈಯಲ್ಲಿದ್ದ ಗಂಟನ್ನೂ ಒಂದು ಗಳಿಗೆ ನೋಡಿದಳು. ಅವಳಿಗೆ ಆಗಲೇ ತಿಳಿಯಿತು ಅನ್ನಿಸುತ್ತದೆ.

ಕುಳಿತು ದಿನಚರಿ ತೆರೆದು ಎಲ್ಲ ಓದಿದೆ. ಕೊಡ್ತಾರ ಅಂದದ್ದು, ನಾಲ್ಕರ ಬಸ್ಸು, ಶೇಂಗಾ ಹೋಳಿಗೆ, ಮೂರು ವರ್ಷದ ಚಹಾ, ಇಪ್ಪತ್ತು ರೂಪಾಯಿ. ತರಗತಿಗಳಲ್ಲಿ ಹೇಳಿದ ಕತೆಯನ್ನೂ ಬಿಡದೆ ಹೇಳಿದೆ. ಅವಳು ಪಲ್ಯ ಸೋಸುವುದನ್ನು ಬಿಡಲಿಲ್ಲ. ಮುಗಿದ ಮೇಲೆ ಕಟ್ಟಿನ ಬೇರನ್ನೆಲ್ಲ ಒಂದು ಕಡೆ ಸರಿಸಿ, ಗೋಡೆಯ ಮಾಡದ ಕಡೆ ಗದ್ದ ಎತ್ತಿ ತೋರಿಸಿದಳು. ದೀಪ ಇಡುವ ಆ ಮಾಡದಲ್ಲಿ, ಕುಂಕುಮದ ಭರಣಿಯ ಹಿಂದೆ, ಹಿಡಿಗಾತ್ರದ ನಾಲ್ಕು ಕಲ್ಲುಗಳಿದ್ದವು.

"ಅಪ್ಪ ಇಟ್ಟದ್ದು," ಅಂದಳು. "ಊರ ಮನಿ ಬಿಡೂ ಮುಂದ ಪಾತ್ರಿ ಬಿಟ್ಟ ಬಂದೇನಿ, ಇವನ್ನ ಬಿಟ್ಟ ಬರಾಕ ಆಗಲಿಲ್ಲ."

ಕಂಪನಿಯ ಹೆಸರಿಗೆ ಇಟ್ಟದ್ದೇ ಅಂತ ಕೇಳಿದೆ. ಯಾಕೆ ಕೇಳಿದೆನೋ, ಹೌದು ಅನ್ನಲಿ ಅಂತ ಇರಬೇಕು.

"ಕಂಪನಿ ಅಂವಗ ಏನ್ ಗೊತ್ರಿ? ಕಂಪನಿಯವರ ಮಾರಿ ನೋಡಿದ್ನೇನು? ನಿಮ್ಮ ಮನಿ ಹೆಸರಿಗೆ ಇಟ್ಟಿದ್ದ. ಕೊಡ್ತಾರ ಅಂದಾಕಿ ನೀವಲ್ಲೇನು, ಒಡೇರ ಮಗಳು."

ಸಿಟ್ಟಿನಿಂದ ಹೇಳಲಿಲ್ಲ. ಹೊಲದ ಗಡಿ ಎಲ್ಲಿದೆ ಅಂತ ಹೇಳುವ ಹಾಗೆ ಹೇಳಿದಳು. ನಮ್ಮ ಮನೆ ಯಾರಿಗೂ ಆಯ ಬಾಕಿ ಇಟ್ಟಿರಲಿಲ್ಲ ಅಂತ ಅಪ್ಪ ಸಾಯುವ ಮುಂಚೆ ಹೆಮ್ಮೆಯಿಂದ ಹೇಳಿದ್ದರು. ಎರಡು ಓಣಿ ಆಚೆ ಒಂದು ಮಾಡದಲ್ಲಿ ನಮ್ಮ ಹೆಸರಿನ ನಾಲ್ಕು ಕಲ್ಲು ಇದ್ದವು.

ನಾಲ್ಕನೆಯ ವರ್ಷ ಕಾಕಾ ಬಂದಿದ್ದನೇ ಅಂತ ಕೇಳಿದೆ.

"ಬಂದಿದ್ದ. ಮುದ್ದೇಬಿಹಾಳಕ್ಕ. ನಿಮ್ಮ ಮನಿ ಕೀಲಿ ಹಾಕಿತ್ತಂತ. ಸಂಜಿತನಕ ಕೀಲಿ ಮುಂದ ನಿಂತು ಬಂದ. ಬಂದು ಏನಂದ ಗೊತ್ತೈತೇನ್ರಿ? ನಾ ಮಾಡಿದ ಅಗಳಿ ಬಾಳ ಗಟ್ಟಿ ಆಗೇತಿ ಅಂದ."

ಅವಳು ನಕ್ಕಳು. ಅಪ್ಪನ ಮಾತು ನೆನೆದು ಮಗಳು ನಗುವ ನಗು ಅದು, ನನಗೆ ಅದರಲ್ಲಿ ಪಾಲಿರಲಿಲ್ಲ. ಆ ನಾಲ್ಕು ವರ್ಷದ್ದನ್ನು ಬಡ್ಡಿ ಹಿಡಿದು ನಾನು ಕೊಡುತ್ತೇನೆ ಅಂದೆ. ಅಂದ ಕೂಡಲೇ ಆ ಮಾತು ಎಷ್ಟು ಅಗ್ಗ ಅನ್ನಿಸಿತು. ಅವಳು ಅದನ್ನು ಕೇಳಿಯೂ ಕೇಳದವಳಂತೆ, ಮೊದಲು ಹೊಸ ಕಾಗದ ಓದ್ರಿ, ಬೆಳಗಾದರೆ ಏಜೆಂಟ್ ಬರ್ತಾನ ಅಂದಳು.

ಎಲ್ಲ ಗೊತ್ತಿದ್ದೂ ನನ್ನ ಹತ್ತಿರವೇ ಯಾಕೆ ತಂದೆ, ಊರಿನಲ್ಲಿ ಓದಿದವರು ಬೇರೆ ಇಲ್ಲವೇ ಅಂತ ಕೇಳದೆ ಇರಲಾಗಲಿಲ್ಲ.

"ಅದಾರ. ಅವರು ಇನ್ನೂ ತಪ್ಪಿಲ್ಲ," ಅಂದಳು ನೀಲವ್ವ. "ನೀವು ಒಮ್ಮಿ ತಪ್ಪೀರಿ. ತಪ್ಪಿದವರು ಎರಡನೇ ಸಲ ನೆಟ್ಟಗ ಓದ್ತಾರ."

ಕನ್ನಡಕ ಒರೆಸಿ ಓದತೊಡಗಿದೆ. ಒಂದೊಂದು ಸಾಲನ್ನೂ ಮೊದಲು ಇದ್ದ ಹಾಗೆ, ಆಮೇಲೆ ನಮ್ಮ ಮಾತಿನಲ್ಲಿ. ಮುಂಭಾಗದ ಪುಟಗಳನ್ನು ಮುಗಿಸಿ ನೀರು ಕುಡಿಯಲು ನಿಲ್ಲಿಸಿದೆ.

"ಹಿಂದಿಂದೂ ಓದ್ರಿ," ಅಂದಳು. "ಇವತ್ತ ಬಸ್ ಇಲ್ಲ ನಿಮಗ."

ತಿರುವಿ ಓದಿದೆ. ಓದಲು ಒಂದೂವರೆ ತಾಸು ಹಿಡಿಯಿತು. ಈ ಷೇರಿನಲ್ಲಿ ಕೊಡದ ವರ್ಷದ್ದು ಬಾಕಿ ನಿಲ್ಲುತ್ತದೆ ಅಂತ ಬರೆದಿದೆ; ಅವಳ ಅಪ್ಪನ ಪ್ರಶ್ನೆಗೆ ಉತ್ತರ ಈ ಸಲ ಕಾಗದದಲ್ಲೇ ಇದೆ. ಅವಳ ಮುಖ ಸ್ವಲ್ಪ ಅರಳಿದ್ದನ್ನು ಕಂಡು ನನಗೆ ಭಯವಾಯಿತು. ಬಾಕಿ ನಿಲ್ಲುತ್ತದೆ ಸರಿ, ಆದರೆ ರಾಶಿ ಆಗೇ ಆಗುತ್ತದೆ ಅಂತ ಎಲ್ಲೂ ಬರೆದಿಲ್ಲ ಅಂದೆ. ಲಾಭವೇ ಬರದಿದ್ದರೆ ಬಾಕಿ ಬೆಳೆಯುತ್ತ ಹೋಗುತ್ತದೆ, ನಿನ್ನ ಮಾಡದ ಕಲ್ಲಿನ ಹಾಗೆ. ಕಲ್ಲು ಬೇಯಿಸಿ ಉಣ್ಣಲು ಬರುವುದಿಲ್ಲ. ಮುದ್ದತು ಹದಿನೈದು ವರ್ಷ, ನಡುವೆ ರೊಕ್ಕ ಬೇಕಾದರೆ ಕೊಳ್ಳುವವರನ್ನು ನೀನೇ ಹುಡುಕಬೇಕು, ಸಂತೆಯಲ್ಲಿ ಮಾರುವ ಸರಕಲ್ಲ. ಕಂಪನಿಗೆ ಬೇಕೆನಿಸಿದರೆ ಐದು ವರ್ಷದ ಮೇಲೆ ಯಾವಾಗ ಬೇಕಾದರೂ ಅಸಲು ಕೊಟ್ಟು ನಿನ್ನನ್ನು ಹೊರಗೆ ಕಳಿಸಬಹುದು. ನಿನಗೆ ಬೇಕೆನಿಸಿದರೆ ಹೊರಡುವಂತಿಲ್ಲ. ಬ್ಯಾಂಕಿನ ಠೇವಣಿಗೆ ಒಂದು ಮಿತಿಯವರೆಗೆ ವಿಮೆ ಇದೆ, ಇದಕ್ಕಿಲ್ಲ. ಬ್ಯಾಂಕಿಗಿಂತ ಹೆಚ್ಚು ಕೊಡುತ್ತೇವೆ ಅನ್ನುವುದು ಈ ಎಲ್ಲದರ ಬೆಲೆ, ಪ್ರೀತಿಯಲ್ಲ.

ಕಂಪನಿ ಹೆಂಗೈತಿ ಅಂತ ಕೇಳಿದಳು. ನನಗೆ ಗೊತ್ತಿಲ್ಲ ಅಂದೆ. ಆ ಏಜೆಂಟ್ ಖರೇ ಹೇಳ್ತಾನೇನು ಅಂದಳು. ಗೊತ್ತಿಲ್ಲ ಅಂದೆ. ಹದಿನೈದು ವರ್ಷ ನಾ ಇರ್ತೇನೇನು ಅಂದಳು. ಅದಕ್ಕೂ ಅದೇ ಉತ್ತರ. ಇಷ್ಟು ವರ್ಷ ಮಾಸ್ತರಿಕೆ ಮಾಡಿ, ಒಂದೇ ಮಧ್ಯಾಹ್ನದಲ್ಲಿ ಇಷ್ಟು ಸಲ ಗೊತ್ತಿಲ್ಲ ಅಂದದ್ದು ಮೊದಲ ಸಲ. ಆಶ್ಚರ್ಯ ಅಂದರೆ ಪ್ರತಿ ಸಲವೂ ಅವಳು, ಒಂದು ಕೆಲಸ ಮುಗಿಯಿತು ಅನ್ನುವ ಹಾಗೆ, ತಲೆಯಾಡಿಸಿದಳು.

ಸೋಸಿದ ಸೊಪ್ಪನ್ನು ಬುಟ್ಟಿಗೆ ತುಂಬಿದಳು. ಹಿಡಿ ಹಿಡಿಯಾಗಿ ಹಾಕುವಾಗ ತುಟಿ ಅಲುಗುತ್ತಿತ್ತು. ಮೊದಲ ಹಿಡಿಗೆ 'ಲಾಭ' ಅಂದದ್ದು ನನಗೆ ಕೇಳಿಸಿತು. ಆಮೇಲೆ ತೀರ್ಮಾನ ಹೇಳಿದಳು. ಉಣ್ಣುವ ರೊಕ್ಕ ಬ್ಯಾಂಕಿಗೂ ಪೋಸ್ಟ್ ಆಫೀಸಿಗೂ. ಷೇರಿಗೆ ಈಗ ಒಂದು ರೂಪಾಯಿಯೂ ಇಲ್ಲ. ಕಂಪನಿಯ ಮೂರು ವರ್ಷದ ಲೆಕ್ಕಪತ್ರ ತಂದರೆ, ಅದನ್ನು ನಾನು ಹಿಂದಿನ ಪುಟ ಸಹಿತ ಓದಿ ಹೇಳಿದರೆ, ಆಗ ಹೋದರೂ ಚಿಂತೆಯಿಲ್ಲದಷ್ಟನ್ನು ಹಾಕುವುದೋ ಬಿಡುವುದೋ ನೋಡೋಣ. ಶನಿವಾರ ಏಜೆಂಟ್ ಬಂದಾಗ ಅವಳು ಇದನ್ನೇ ಹೇಳಿದಳಂತೆ. ಲೆಕ್ಕಪತ್ರ ತರುತ್ತೇನೆ ಅಂದು ಹೋಗಿದ್ದಾನೆ. ಇನ್ನೂ ಬಂದಿಲ್ಲ. ಬರುವುದಿಲ್ಲ ಅಂತಲೂ ನಾನು ಬರೆಯುವುದಿಲ್ಲ, ನನಗೆ ಗೊತ್ತಿಲ್ಲ.

ಶುಕ್ರವಾರ ಹೊರಡುವಾಗ ಕಲ್ಲುಗಳ ಮಾತು ಮತ್ತೆ ತೆಗೆದೆ. ಅವಳೇ ದರ ಹೇಳಲಿ ಅಂದೆ. ನೀಲವ್ವ ಗೋಡೆ ಹಿಡಿದು ಎದ್ದಳು, ಹೊಸ್ತಿಲ ತನಕ ಬಂದಳು.

"ರೊಕ್ಕ ಬ್ಯಾಡ್ರಿ. ರೊಕ್ಕಕ್ಕ ಅಪ್ಪ ಕಲ್ಲ ಇಟ್ಟಿಲ್ಲ. ಯಂಕಂಚ್ಯಾಗ ನಿಮ್ಮ ಹೊಲ ಐತೋ ಇಲ್ಲೋ?"

ಇದೆ ಅಂದೆ. ಪಾಲಿಗೆ ಹಾಕಿದ್ದೇವೆ, ಈ ಸಲ ಬಿಳಿಜೋಳ ಚೆನ್ನಾಗಿ ನಿಂತಿದೆ, ಶಿವರಾತ್ರಿಯ ಹೊತ್ತಿಗೆ ರಾಶಿ. ಈಗ ಕಣ ಇಲ್ಲ, ಯಂತ್ರ ಬಂದು ಒಂದು ತಾಸಿನಲ್ಲಿ ಕಾಳು ಸುರಿದು ಹೋಗುತ್ತದೆ. ಆ ಬೇವಿನ ಮರ ಇದೆಯೋ ಇಲ್ಲವೋ ನಾನು ನೋಡಿ ಬಹಳ ವರ್ಷವಾಯಿತು.

"ಹಂಗಾದ್ರ ರಾಶಿ ದಿನ ನಾ ಬರ್ತೇನಿ. ಕಲ್ಲ ತರ್ತೇನಿ. ಬಂದು ಅಲ್ಲೇ ನಿಂದರತೇನಿ, ಕೇಳೂದಿಲ್ಲ," ಅಂದಳು. "ಈ ಸಲ ಚಾ ಕುಡಿಸಿ ಕಳಸಬ್ಯಾಡ್ರಿ."